ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದ ಕಾರು

...ಅಲ್ಲ ಕಣೋ ಮನೋಜ, ಅದನ್ನ ಅಲ್ಲೇ ಇಡು. ಸೌಟಿನ ಸ್ಟ್ಯಾಂಡಲ್ಲಿ ಸ್ಪ್ಯಾನರ್ ಯಾಕಿದೆ ಅಂತ ನಿಮ್ಮಮ್ಮಾನೂ ನಗ್ತಾಳೆ, ನೀನೂ ನಗು, ಆದ್ರೆ ಜಾಗ ಮಾತ್ರ ಬದಲಾಯಿಸ್ಬೇಡ. ಹತ್ತನೇ ನಂಬರ್ದು ಅದು. ಕಣ್ಮುಚ್ಕೊಂಡು ಕೈ ಹಾಕಿದ್ರೂ ನನಗೆ ಸಿಗಬೇಕು. ಸರಿ, ಈಗ ಅದನ್ನ ಹಿಡ್ಕೊಂಡೇ ಬಾ, ಇಲ್ಲಿ ಜಗಲಿ ಮೇಲೆ ಕೂತ್ಕೋ, ಚಿನ್ನು ನೀನೂ ಬಾರೇ, ಅವರೆಕಾಯಿ ಬಿಡಿಸ್ತಾ ಹೇಳ್ತೀನಿ. ಆ ಲಾಕ್‌ಡೌನ್ ಬಂತಲ್ಲ, ಆವಾಗ್ಲಿಂದ ಅದು ಅಲ್ಲಿರೋದು. ನೀನಾಗ ಸಣ್ಣೋನು, ಇವಳಂತೂ ಇನ್ನೂ ಹೊಟ್ಟೇಲಿದ್ಲು. ನೀವೆಲ್ಲ ಕೆಂಗೇರಿಲಿ, ನಿಮ್ಮ ಬೀದಿ ಸೀಲ್ ಮಾಡಿ ಆಚೆ ಬರೋ ಹಾಗಿರಲಿಲ್ಲ, ನಾವಿಬ್ರೇ ಇಲ್ಲಿ ಮಾರೇನಹಳ್ಳಿಲಿ. ನಿಮ್ಮ ತಾತಂಗೆ ಎರಡೂ ಕಿಡ್ನಿ ಹೋಗಿ ಆಗಲೇ ವರ್ಷದ ಮೇಲಾಗಿತ್ತು. ವಾರಕ್ಕೆ ಎರಡು ಸಲ ತಪ್ಪದೆ ರಾಜಾಜಿನಗರದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸ್ಕೋಬೇಕು. ತಪ್ಪಿದ್ರೆ ಮೈಯಲ್ಲಿರೋ ನೀರು ಆಚೆ ಹೋಗಲ್ಲ, ಗೊತ್ತಾ, ಕಾಲು ಊದ್ಕೊಳುತ್ತೆ, ಮುಖ ಊದ್ಕೊಳುತ್ತೆ, ಆಮೇಲೆ ಎದೆಗೆ ತುಂಬ್ಕೊಳುತ್ತೆ. ಕುಡಿಯೋ ನೀರೂ ಅಳತೆ ಮಾಡಿ ಕೊಡಬೇಕು. ಚೊಂಬೆಲ್ಲ ಬಚ್ಚಿಡ್ತಿದ್ದೆ ನಾನು, ಅಟ್ಟದ ಮೇಲೆ.

ಕರ್ಕೊಂಡು ಹೋಗ್ತಿದ್ದೋನು ಆಟೋ ಸಿದ್ದಣ್ಣ. ಅವನು ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಊರಿಗೆ ಹೊರಟುಹೋದ. ಮಂಗಳವಾರ... ಅಲ್ಲ ಅಲ್ಲ, ಸೋಮವಾರ, ಸೋಮವಾರ ಡಯಾಲಿಸಿಸ್ ತಪ್ಪೋಯ್ತು. ಆಂಬುಲೆನ್ಸಿಗೆ ಫೋನ್ ಮಾಡ್ದೆ, ಮಾಡ್ದೆ, ಮಾಡ್ತಾನೇ ಇದ್ದೆ. ಎತ್ತಿದೋರೂ 'ಗಾಡಿ ಯಾವುದೂ ಖಾಲಿ ಇಲ್ಲಮ್ಮ' ಅನ್ನೋರು. ಆಸ್ಪತ್ರೆಯವರು ಪಾಪ, 'ಯಾವಾಗ ಬಂದ್ರೂ ಸರಿ ಬನ್ನಿ, ಆದ್ರೆ ಬೇಗ ಬನ್ನಿ' ಅಂದ್ರು. ಎದುರು ಮನೆ ನಂಜಪ್ಪನ ಹತ್ರ ದೊಡ್ಡ ಕಾರಿತ್ತು. ಗೇಟ್ ಹತ್ರ ನಿಂತು ಕೂಗಿದೆ. ಕಿಟಕಿ ಒಂಚೂರು ತೆಗೆದು, 'ಸರೋಜಕ್ಕ, ತಪ್ಪು ತಿಳ್ಕೋಬೇಡಿ, ನೀವು ಆಸ್ಪತ್ರೆಗೆ ಹೋಗಿ ಬರೋರು, ನಮ್ಮನೇಲಿ ಮಗು ಇದೆ' ಅಂತ ಹೇಳಿ ಮುಚ್ಕೊಂಡ. ಆವತ್ತು ಮನಸಾರೆ ಬೈದಿದ್ದೆ ಕಣ್ರೋ. ಈಗ ಬೈಯಲ್ಲ. ಎಲ್ಲರಿಗೂ ಜೀವ ಬಾಯಿಗೆ ಬಂದಿತ್ತು ಆಗ.

ಉಳಿದಿದ್ದು ನಮ್ಮ ಕಾರು. ಬಿಳೀದು, ಹಳೇದು. ನಿಮ್ಮ ತಾತ ಅದನ್ನ ಮಗೂ ಒರೆಸಿದ ಹಾಗೆ ಒರೆಸೋರು, ಆದ್ರೆ ಬಾನೆಟ್ ಎತ್ತಿದೋರಲ್ಲ. ಅದೆಲ್ಲ ಮೆಕ್ಯಾನಿಕ್ ಬಸವರಾಜನ ಕೆಲಸ. ಓಡ್ಸೋಕೆ ನನಗೆ ಬರ್ತಿತ್ತು, ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸೂ ತಗೊಂಡಿದ್ದೆ, ಕೊಡ್ತಾ ಇರಲಿಲ್ಲ ಅಷ್ಟೆ ಮಹಾರಾಯರು! ಆಯುಧಪೂಜೆಲಿ ಕುಂಕುಮ ಇಟ್ಟು ಕವರ್ ಹಾಕಿದ್ದು, ಆಮೇಲೆ ತೆಗೆದೇ ಇರಲಿಲ್ಲ. ಸೋಮವಾರ ಸಾಯಂಕಾಲ ಕವರ್ ಎಳೆದು, ದೇವರೇ ಅಂತ ಕೀ ತಿರುಗಿಸಿದ್ರೆ 'ಟಕ್' ಅಂತು. ಅಷ್ಟೇ. ಇನ್ನೊಂದು ಸಲ, ಟಕ್. ಒಳಗಿಂದ ನಿಮ್ಮ ತಾತ ಕೆಮ್ಮೋದು ಕೇಳ್ತಾ ಇದೆ. ಬಸವರಾಜಂಗೆ ಫೋನ್ ಮಾಡ್ದೆ. ಅವನು ಗದಗದ ಕಡೆ ಹುಡುಗ, ಗ್ಯಾರೇಜಿಗೆ ಬೀಗ ಹಾಕ್ಕೊಂಡು ಅವನೂ ಊರು ಸೇರ್ಕೊಂಡಿದ್ದ. 'ಅಮ್ಮಾರ, ನಾ ಹೆಂಗ ಬರ್ಲಿ ಹೇಳ್ರಿ, ರೋಡಿಗೆ ಮುಳ್ಳು ಹಚ್ಯಾರ್ರಿ ಇಲ್ಲಿ' ಅಂದ. ನನಗೆ ಅಳು ಬಂತು. ಫೋನಲ್ಲೇ ಅತ್ತೆ. ಅವನು 'ಅಳಬ್ಯಾಡ್ರಿ. ಕೈ ಅದಾವಲ್ರಿ ನಿಮಗ. ಮುಂಜಾನೆ ಫೋನ್ ಹಚ್ಚರಿ, ನಾ ಹೇಳ್ತೀನಿ, ನೀವು ಮಾಡ್ರಿ' ಅಂದ. ನಾನು ಮಾಡೋದಂತೆ! ಅರವತ್ತು ದಾಟಿದೋಳು, ಮಿಕ್ಸಿ ಕೆಟ್ಟರೆ ಇನ್ನೊಬ್ಬರನ್ನ ಕರೆಯೋಳು.

ಬೆಳಗಾಗೋ ಹೊತ್ತಿಗೆ ನಿಮ್ಮ ತಾತಂಗೆ ಮಲಗೋಕೇ ಆಗ್ತಿರಲಿಲ್ಲ, ದಿಂಬು ಒರಗ್ಸಿ ಕೂರ್ಸಿದ್ದೆ. ಒಬ್ಬರನ್ನೇ ಒಳಗೆ ಬಿಟ್ಟು ಹೋಗೋಕೆ ಭಯ. ಕುರ್ಚಿ ತಂದು, ಇಗೋ ಇಲ್ಲೇ, ಈ ಜಗಲಿ ಮೇಲೆ ಕೂರ್ಸಿ ಕಾರ್ ಹತ್ರ ಹೋದೆ. ಬಾನೆಟ್ ತೆಗೆಯೋಕೇ ಬರಲಿಲ್ಲ ಕಣೋ ಮೊದಲು. ಸ್ಟೀರಿಂಗ್ ಕೆಳಗಿನ ಹಿಡಿ ಎಳೆದೆ, ಲಟ್ ಅಂತು, ಎತ್ತಿದ್ರೆ ಮೇಲಕ್ಕೆ ಬರಲ್ಲ. 'ಸಂದಿಯೊಳಗ ಬೆರಳ್ ಹಾಕ್ರಿ, ಒಂದ್ ಕೊಕ್ಕಿ ಐತಿ, ಮ್ಯಾಲಕ್ಕ ಒತ್ತರಿ' ಅಂತಾನೆ. ಉಗುರು ಕಿತ್ತು ರಕ್ತ ಬಂತು. ಕೊನೆಗೆ ತೆಗೀತು. ತೆಗೆದ ಮೇಲೆ ಅದನ್ನ ನಿಲ್ಸೋಕೆ ಒಂದು ಸಲಾಕೆ ಇರುತ್ತೆ, ಗೊತ್ತಾ, ನನಗೆಲ್ಲಿ ಗೊತ್ತು! ಬಾನೆಟ್ಟನ್ನ ತಲೆ ಮೇಲೆ ಹೊತ್ಕೊಂಡು, ಫೋನನ್ನ ಭುಜಕ್ಕೂ ಕಿವಿಗೂ ಸಿಗ್ಸಿಕೊಂಡು ನಿಂತಿದ್ದೀನಿ. ನಗಬೇಡ್ರೋ. ಸರಿ ನಗಿ, ಈಗ ನನಗೂ ನಗು ಬರುತ್ತೆ.

ಒಳಗೆ ನೋಡಿದ್ರೆ ಬರೀ ವೈರು, ಪೈಪು, ಜಿಡ್ಡು. 'ಏನ್ ಕಾಣಾಕತ್ತೇತ್ರಿ?' 'ಏನೇನೋ ಕಾಣ್ತಾ ಇದೆ ಬಸವರಾಜ, ಯಾವುದು ಏನು ಅಂತ ಗೊತ್ತಾಗ್ತಿಲ್ಲಪ್ಪ.' 'ಹೆಸರು ಬಿಡ್ರಿ. ಡಬ್ಬಿಯಂಥಾದ್ದು ಒಂದ್ ಐತಿ ನೋಡ್ರಿ, ಅದಕ್ಕ ಎರಡು ದಪ್ಪ ವೈರ್ ಹೋಗ್ಯಾವ. ಅದರ ಮ್ಯಾಲೆ ಬೆಳ್ಳಗ ಏನರ ಹತ್ಯಾದೇನು?' ನೋಡಿದೆ. ಉಪ್ಪಿನಕಾಯಿ ಜಾಡಿ ಬಾಯಲ್ಲಿ ಉಪ್ಪು ಕಟ್ಟುತ್ತಲ್ಲ, ಹಾಗೆ ಬೆಳ್ಳಗೆ, ಅಲ್ಲಲ್ಲಿ ಹಸಿರು. 'ಇದೆ ಕಣೋ, ಇದೆ!' ಅಂತ ಕೂಗಿದೆ. ಬ್ಯಾಟರಿ ಅದು. ವೈರು ಬಿಚ್ಚಿ ಆ ಉಪ್ಪೆಲ್ಲ ತೊಳೀಬೇಕು ಅಂದ. ಬಾನೆಟ್ ಮೆಲ್ಲಗೆ ಇಳಿಸಿ, ಡಿಕ್ಕಿ ಹುಡುಕಿ ಅವನು ಹೇಳಿದ ಹತ್ತನೇ ನಂಬರ್ ಸ್ಪ್ಯಾನರ್ ತಂದು, ಮತ್ತೆ ಎತ್ತಿ ಹೊತ್ಕೊಂಡೆ. 'ಮೊದಲ ಕರೀ...' ಅಂದ, ಅಷ್ಟಕ್ಕೆ ಲೈನ್ ಹೋಯ್ತು. ಅವನಿಗೆ ಹೊಲದ ಬದುವಿನ ಮೇಲೆ ನಿಂತ್ರೆ ಮಾತ್ರ ಸಿಗ್ನಲ್ಲು. ಮತ್ತೆ ಮಾಡಿದ್ರೆ ಸಿಗಲ್ಲ. ಜಗಲಿ ಮೇಲೆ ಅವರು ಏದುಸಿರು ಬಿಡ್ತಾ ಇದಾರೆ. ನನಗೆ ಕಾಯೋ ತಾಳ್ಮೆ ಇಲ್ಲ. ಯಾವುದಾದ್ರೇನು ಅಂತ ಕೆಂಪು ವೈರಿನ ನಟ್ಟಿಗೆ ಸ್ಪ್ಯಾನರ್ ಹಾಕ್ದೆ. ತಿರುಗಿಸ್ತಿದ್ದ ಹಾಗೆ ಅದರ ಇನ್ನೊಂದು ತುದಿ ಕಾರಿನ ತಗಡಿಗೆ ತಾಕ್ತು ನೋಡು, 'ಚಟ್' ಅಂತ ಕಿಡಿ! ಸ್ಪ್ಯಾನರ್ ಎಸೆದು, ಬಾನೆಟ್ ತಲೆ ಮೇಲೆ ಬಿದ್ದು, ನೆಲದ ಮೇಲೆ ಕೂತುಬಿಟ್ಟೆ. ಕಾರೂ ಸುಟ್ಟು ಹಾಕಿದೆ, ಇನ್ನೇನೂ ಉಳೀಲಿಲ್ಲ ಅಂತ ಗೋಳೋ ಅಂತ ಅತ್ತೆ. ಬೀದೀಲಿ ಒಂದು ನರಪಿಳ್ಳೆ ಇಲ್ಲ. ನಿಮ್ಮ ತಾತ, 'ಬಿಡೇ ಸರೋಜಾ... ಸಾಕು... ಒಳಗೆ ಬಾ' ಅಂದ್ರು. ಸಾಕು ಅಂದ್ರಲ್ಲ, ಆ ಮಾತಿಗೆ ಕಾರಿನ ಮೇಲಿದ್ದ ಸಿಟ್ಟೆಲ್ಲ ಅವರ ಮೇಲೆ ತಿರುಗ್ತು. 'ಸಾಕು ಅನ್ನೋಕೆ ನೀವ್ಯಾರು? ನಾನು ಹೇಳ್ತೀನಿ ಯಾವಾಗ ಸಾಕು ಅಂತ' ಅಂದೆ. ಎದ್ದೆ.

ಬಸವರಾಜ ಮತ್ತೆ ಸಿಕ್ಕಾಗ ಬೈದ, 'ಕರೀದು ಮೊದಲ ಬಿಚ್ಚಬೇಕ್ರಿ ಅಮ್ಮಾರ, ಹಚ್ಚುವಾಗ ಕರೀದು ಕಡೀಕ' ಅಂತ. ಪುಣ್ಯಕ್ಕೆ ಏನೂ ಸುಟ್ಟಿರಲಿಲ್ಲ. ಈ ಸಲ ಅವನು ಹೇಳಿದ ಸಲಾಕೆ ಕೊಟ್ಟು ಬಾನೆಟ್ ನಿಲ್ಸಿ, ಕರೀದು ಮೊದಲು, ಕೆಂಪು ಆಮೇಲೆ. ಒಂದು ದೊಡ್ಡ ಪಾತ್ರೆ ನೀರು ಕಾಯಿಸಿ, ಅಡುಗೆ ಸೋಡ ಹಾಕಿ, ಹಳೇ ಹಲ್ಲುಜ್ಜೋ ಬ್ರಶ್ ತಗೊಂಡು ಬಂದೆ. ಚೊಂಬಲ್ಲಿ ತೋಡಿ ತೋಡಿ ಸುರೀತಾ ಇದೀನಿ, ನೊರೆ ಬುಸ್ ಅಂತ ಏಳ್ತಾ ಇದೆ, ಉಪ್ಪೆಲ್ಲ ಕರಗ್ತಾ ಇದೆ, ನನಗೆ ಒಂಥರಾ ಖುಷಿ. ತಿರುಗಿ ನೋಡಿದ್ರೆ ನಿಮ್ಮ ತಾತ ಆ ನೀರನ್ನೇ ನೋಡ್ತಾ ಇದಾರೆ. ನೆಲಕ್ಕೆ ಹರಿದು ಹೋಗ್ತಿದ್ದ ನೀರನ್ನ. ತುಟಿ ಒಣಗಿ ಸಿಪ್ಪೆ ಎದ್ದಿತ್ತು. 'ಅದಕ್ಕೆ ಅಷ್ಟು ಕೊಡ್ತೀಯ' ಅಂದ್ರು, 'ನನಗೆ ಒಂದು ಗುಟುಕು ಕೊಡಲ್ವಲ್ಲೇ.' ಕೊಡಲಿಲ್ಲ. ಬೆನ್ನು ತಿರುಗಿಸ್ಕೊಂಡು ಮಿಕ್ಕಿದ್ದನ್ನೂ ಕಾರಿಗೇ ಸುರಿದೆ. ಅಂಥ ಹೊಟ್ಟೆ ಉರಿಯೋ ಕೆಲಸ ಜೀವನದಲ್ಲಿ ಇನ್ನೊಂದು ಮಾಡಿಲ್ಲ. ಆಮೇಲೆ ಒದ್ದೆ ಬಟ್ಟೆ ತಂದು ಅವರ ತುಟಿ ಒರೆಸಿದೆ. ಆ ಬಟ್ಟೆನ ಹಲ್ಲಲ್ಲಿ ಕಚ್ಚಿ ಹಿಡ್ಕೊಂಡ್ರು, ಬಿಡಲಿಲ್ಲ.

ವೈರು ಜೋಡಿಸಿ ಕೀ ತಿರುಗಿಸಿದೆ. ಒಂದು 'ಟಕ್' ಇದ್ದದ್ದು 'ಟಕ ಟಕ ಟಕ' ಆಯ್ತು, ದೀಪ ಮಿಣಕ್ ಅಂತು. ಫೋನನ್ನ ಇಂಜಿನ್ ಹತ್ರ ಹಿಡಿದು ಬಸವರಾಜಂಗೆ ಕೇಳಿಸ್ದೆ. 'ಜೀವ ಐತ್ರಿ, ಶಕ್ತಿ ಇಲ್ಲ. ತಳ್ಳಿದ್ರ ಹತ್ತತೈತಿ. ಕೀ ಆನ್ ಮಾಡಿ, ಸೆಕೆಂಡ್ ಗೇರಿಗೆ ಹಾಕಿ, ಕ್ಲಚ್ ಒತ್ತಿ ಹಿಡೀರಿ. ಓಟ ಹಿಡದಾಗ ಪಟ್ ಅಂತ ಬಿಡ್ರಿ. ಒಮ್ಮೆ ಹತ್ತಿದ ಮ್ಯಾಲ ಆಸ್ಪತ್ರೆ ತನಕ ಬಂದ್ ಮಾಡಬ್ಯಾಡ್ರಿ ಮತ್ತ' ಅಂದ. ತಳ್ಳೋರ್ಯಾರು? ಆವತ್ತು ಸಂಜೆವರೆಗೂ ಗೇಟಲ್ಲಿ ನಿಂತೆ, ಒಬ್ಬರೂ ಬರಲಿಲ್ಲ.

ಬುಧವಾರ ಬೆಳಗ್ಗೆ ಹಾಲಿನ ಬೂತ್ ತೆಗೆಯೋ ಹೊತ್ತು. ಬೂತ್ ಮುಂದೆ ದೂರ ದೂರ ನಿಲ್ಲೋಕೆ ರಂಗೋಲಿ ಪುಡೀಲಿ ಗೋಲ ಬರೆದಿದ್ರು, ಒಂದೊಂದು ಗೋಲದಲ್ಲಿ ಒಬ್ಬೊಬ್ಬ ಹೆಂಗಸು, ಮೂಗು ಬಾಯಿ ಮುಚ್ಕೊಂಡು. ನಿಮ್ಮ ತಾತನ್ನ ಹೇಗೋ ಮುಂದಿನ ಸೀಟಲ್ಲಿ ಕೂರ್ಸಿದ್ದೆ. ತುಟಿ ನೀಲಿ ತಿರುಗಿತ್ತು. ನಾನು ಬೀದಿ ಮಧ್ಯ ನಿಂತು, ಮಾನ ಮರ್ಯಾದೆ ಬಿಟ್ಟು ಕೂಗಿದೆ. 'ಅಮ್ಮಾ, ತಾಯಂದಿರಾ, ನನ್ನ ಗಂಡ ಸಾಯ್ತಾ ಇದಾರೆ. ಆ ಹುಣಸೇಮರದ ತನಕ ತಳ್ಳಿ ಸಾಕು, ಅಲ್ಲಿಂದ ಆಚೆಗೆ ನಾನು ನೋಡ್ಕೋತೀನಿ.' ಯಾಕೆ ಹುಣಸೇಮರ ಅಂದೆ ಗೊತ್ತಾ? ನೋಡೋಕೆ ಬೀದಿ ಸಪಾಟಾಗಿದೆ. ಆದ್ರೆ ಇದು ನಮ್ಮಪ್ಪ ರಾಗಿ ಬೆಳೀತಿದ್ದ ಹೊಲ ಕಣ್ರೋ. ಮಳೆ ಬಂದ್ರೆ ನೀರು ಆ ಮರದಿಂದ ಕೆಳಕ್ಕೆ ಕೆರೆ ಕಡೆಗೆ ಓಡೋದು, ನಾನು ಸಣ್ಣೋಳಿದ್ದಾಗ ಕಾಲುವೆ ಮಾಡಿ ಎಲೆ ಬಿಡ್ತಿದ್ದೆ. ಕೆರೆ ಮುಚ್ಚಿದ್ರು, ಟಾರು ಹಾಕಿದ್ರು, ಇಳಿಜಾರು ಎಲ್ಲಿ ಹೋಗುತ್ತೆ?

ಯಾರೂ ಗೋಲ ಬಿಟ್ಟು ಕದಲಲಿಲ್ಲ. ಒಬ್ಬರ ಮುಖ ಒಬ್ಬರು ನೋಡ್ತಾರೆ. ಆಮೇಲೆ ಒಬ್ಬಳು ಹಾಲಿನ ಪ್ಯಾಕೆಟ್ ಗೋಲದಲ್ಲೇ ಇಟ್ಟು ಬಂದ್ಲು. ಜಯಮ್ಮ, ಕಿಟಕಿ ಮುಚ್ಕೊಂಡ ನಂಜಪ್ಪನ ಹೆಂಡ್ತಿ. ಮೇಲಿಂದ ಅವನು 'ಏಯ್ ಜಯಾ, ಮುಟ್ಬೇಡ್ವೇ!' ಅಂತ ಕೂಗ್ತಾ ಇದಾನೆ. ಇವಳು ಸೆರಗನ್ನ ಎರಡೂ ಕೈಗೆ ಸುತ್ಕೊಂಡು ಡಿಕ್ಕಿ ಮೇಲೆ ಇಟ್ಟು, 'ನೀವು ಕೂತ್ಕೊಳ್ಳಿ ಅಕ್ಕ' ಅಂದ್ಲು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು, ಎಲ್ಲರೂ ಕೈಗೆ ಸೆರಗು, ದುಪ್ಪಟ್ಟ ಸುತ್ಕೊಂಡು ತಳ್ಳಿದ್ರು. ಹುಣಸೇಮರ ದಾಟ್ತು, ಗಾಡಿ ತಾನೇ ಉರುಳೋಕೆ ಶುರು. ಕ್ಲಚ್ ಬಿಟ್ಟೆ. ಗಕ್ ಅಂತ ಎಳೆದು ನಿಂತ ಹಾಗಾಯ್ತು. ಮತ್ತೆ ಒತ್ತಿದೆ, ಮತ್ತೆ ಬಿಟ್ಟೆ. ಢರ್ ಅಂತ ಹತ್ಕೊಂತು! ಕನ್ನಡೀಲಿ ನೋಡಿದ್ರೆ ಹೆಂಗಸರೆಲ್ಲ ಬೀದಿ ಮಧ್ಯ ಕೈ ಎತ್ಕೊಂಡು ನಿಂತಿದ್ರು.

ಮಾಗಡಿ ರೋಡಲ್ಲಿ ಬ್ಯಾರಿಕೇಡು. ಪೊಲೀಸ್ನೋರು ಕೈ ಅಡ್ಡ ಹಾಕಿ, 'ಏನಮ್ಮ, ಎಲ್ಲಿಗೆ? ಇಂಜಿನ್ ಆಫ್ ಮಾಡಿ ಇಳೀರಿ' ಅಂದ್ರು. ನಾನು ಆಕ್ಸಿಲರೇಟರ್ ಮೇಲಿಂದ ಕಾಲು ತೆಗೀಲಿಲ್ಲ. 'ಆಫ್ ಮಾಡಲ್ಲ ಸಾರ್.' 'ಆಫ್ ಮಾಡಿ ಅಂದ್ರೆ ಕೇಳಿಸಲ್ವಾ?' ನಿಮ್ಮ ತಾತನ ತೋಳು ಎತ್ತಿ ತೋರಿಸ್ದೆ. ಡಯಾಲಿಸಿಸ್ ಸೂಜಿ ಚುಚ್ಚೋ ನರ ಇರುತ್ತಲ್ಲ, ಆಪರೇಷನ್ ಮಾಡಿ ಜೋಡಿಸಿರ್ತಾರೆ, ಮುಟ್ಟಿದ್ರೆ ಒಳಗೆ ಝುಂ ಅಂತಾ ಇರುತ್ತೆ. 'ಮುಟ್ಟಿ ನೋಡಿ ಸಾರ್, ಇದು ಓಡ್ತಾ ಇದೆ. ಈ ಗಾಡಿ ನಿಂತ್ರೆ ಇದೂ ನಿಲ್ಲುತ್ತೆ. ಲಾಠೀಲಿ ಹೊಡೀರಿ ಬೇಕಾದ್ರೆ, ಆಫ್ ಮಾಡಲ್ಲ' ಅಂದೆ. ಆ ಮನುಷ್ಯ ಮುಟ್ಟಲಿಲ್ಲ. ನಿಮ್ಮ ತಾತನ ಮುಖ ನೋಡಿದ್ರು, ಅಷ್ಟೆ, ಓಡಿ ಹೋಗಿ ಬ್ಯಾರಿಕೇಡ್ ತಾವೇ ಎಳೆದ್ರು.

ಆಸ್ಪತ್ರೆ ಬಾಗಿಲಲ್ಲಿ ಅವರನ್ನ ಗಾಲಿಕುರ್ಚೀಲಿ ಒಳಗೆ ಕರ್ಕೊಂಡ್ರು. ನನಗೆ ಕಾರ್ ನಿಲ್ಸೋಕೆ ಜಾಗ ಬೇಕು. ಎದುರಿಗೇ ಖಾಲಿ ಇತ್ತು, ನಿಲ್ಲಿಸಲಿಲ್ಲ. ಸುತ್ತಿ ಸುತ್ತಿ, ಹಿಂದಿನ ರಸ್ತೇಲಿ ಒಂದು ಇಳಿಜಾರು ಹುಡುಕಿ, ಮುಖ ಕೆಳಕ್ಕೆ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು ಆಫ್ ಮಾಡ್ದೆ. ಇದನ್ನ ಬಸವರಾಜ ಹೇಳಿರಲಿಲ್ಲ, ನಾನೇ ಕಲ್ತಿದ್ದು. ವಾಪಸ್ ಬರೋವಾಗ ಯಾವ ಹೆಂಗಸರು ಸಿಗ್ತಾರೆ ಅಲ್ಲಿ? ಮಧ್ಯಾಹ್ನ ಆಚೆ ಬಂದ್ರು ನಿಮ್ಮ ತಾತ, ಮುಖ ಇಳಿದಿತ್ತು, ಉಸಿರು ಸರಿಯಾಗಿತ್ತು. ನರ್ಸಮ್ಮ ಒಂದು ಪುಟ್ಟ ಲೋಟದಲ್ಲಿ ನೀರು ಕೊಟ್ಟಿದ್ರಂತೆ, ಅದನ್ನ ಕೈಯಲ್ಲೇ ಹಿಡ್ಕೊಂಡು ಬಂದಿದ್ರು. ಕಾರಲ್ಲಿ ಕೂತು ಅರ್ಧ ಕುಡಿದು, ಮಿಕ್ಕಿದ್ದು ನನ್ನ ಕಡೆ ಚಾಚಿ, 'ತಗೋ, ನಿನ್ನ ಬ್ಯಾಟರಿಗೆ ಹಾಕು' ಅಂದ್ರು. ನಕ್ಕೆನೋ ಅತ್ತೆನೋ ಗೊತ್ತಿಲ್ಲ ಕಣ್ರೋ. ಕಲ್ಲು ತೆಗೆದೆ, ಕೂತು ಹ್ಯಾಂಡ್‌ಬ್ರೇಕ್ ಬಿಟ್ಟೆ, ಉರುಳ್ತು, ಹತ್ಕೊಂತು.

ಆಮೇಲೆ ಗ್ಯಾರೇಜ್ ತೆಗೆಯೋವರೆಗೂ ಹೀಗೇ. ಡಿಸ್ಟಿಲ್ಡ್ ವಾಟರ್ ಹಾಕೋದು, ಪ್ಲಗ್ ಬಿಚ್ಚಿ ಉಜ್ಜೋದು, ರೇಡಿಯೇಟರ್ ನೋಡೋದು, ಎಲ್ಲ ಆ ಹೊಲದ ಬದುವಿಂದಲೇ ಕಲಿಸ್ದ ಬಸವರಾಜ. ಒಂದು ಡಯಾಲಿಸಿಸ್ಸೂ ಮತ್ತೆ ತಪ್ಪಲಿಲ್ಲ. ಚಿನ್ನು, ನಿನ್ನನ್ನ ತೊಡೆ ಮೇಲೆ ಮಲಗಿಸ್ಕೊಂಡು, ನಿನಗೆ ಹಲ್ಲು ಬರೋದು ನೋಡ್ಕೊಂಡೇ ಹೋಗಿದ್ದು ಅವರು. ಅದಕ್ಕೇ ಹೇಳೋದು, ಮನೋಜ, ನಾಳೆ ನೀನೂ ಗಾಡಿ ಓಡಿಸ್ತೀಯ. ಎಲ್ಲೇ ನಿಲ್ಸು, ಮುಖ ಇಳಿಜಾರಿಗಿರಲಿ, ಮತ್ತೆ ಹೊರಡೋದನ್ನ ನಿಲ್ಸೋವಾಗ್ಲೇ ಯೋಚ್ನೆ ಮಾಡ್ಬೇಕು. ಏಳಿ ಈಗ, ಆ ಸ್ಪ್ಯಾನರ್ ಒರೆಸಿ ಸೌಟಿನ ಜೊತೆ ಇಟ್ಟು ಬನ್ನಿ, ಸಾರಿಗೆ ಹೊತ್ತಾಯ್ತು.