ಕಡಲಿಗೆ ಬಿದ್ದ ಹಲ್ಲಿನ ಸೆಟ್ಟು

ಹಲ್ಲುನೋವಿಗೆ ಕೆನ್ನೆ ಹಿಡಿದುಕೊಂಡು ದಂತವೈದ್ಯರ ಹೊರಕೋಣೆಯಲ್ಲಿ ಕೂತಿದ್ದ ಲೆಕ್ಕದ ಟೀಚರಿಗೆ ಯಾರ ಮಾತೂ ಬೇಕಿರಲಿಲ್ಲ. ಆದರೆ ಪಕ್ಕದ ಬೆಂಚಿನ ಹಳೇ ಗೆಳೆಯರಿಬ್ಬರು, ಒಬ್ಬ ಬೊಚ್ಚುಬಾಯಿಯವನು, ಇನ್ನೊಬ್ಬ ಮೀಸೆಯವನು, ಮೆಲ್ಲಗೆ ಮಾತಾಡುವ ಪೈಕಿಯವರಲ್ಲ.

“ನೀರೊಳಗೆ ಯಾರಾದ್ರೂ ನಗ್ತಾರೇನಯ್ಯಾ?” ಎಂದ ಮೀಸೆಯವನು.

“ನಗದೆ ಏನ್ಮಾಡ್ಲಿ? ನೀನು ಈಟಿ ಹಿಡ್ಕೊಂಡು ಬಂಡೆ ಸಂದೀಲಿ ಮೀನು ಹುಡುಕ್ತಿದ್ದೆ. ಇಷ್ಟು ದಪ್ಪ ಮೀನು ನಿನ್ನ ಹೆಗಲ ಹಿಂದೆ ನಿಂತು, ತಾನೂ ಸಂದಿ ಇಣುಕ್ತಿತ್ತು!”

“ತೋರಿಸ್ಬೇಕಿತ್ತು ತಾನೆ!”

“ಅಷ್ಟರಲ್ಲೇ ನಗು ಬಂತು. ಉಸಿರಿನ ಕೊಳವೆ ಜೊತೆ ಹಲ್ಲಿನ ಸೆಟ್ಟೂ ಬಾಯಿಂದ ಜಾರ್ತು.”

“ಆ ಹಲ್ಲಿಗೋಸ್ಕರ ಈಟಿ ಬಿಸಾಕಿ ಎಷ್ಟು ಸಲ ಮುಳುಗಿದೆ ನಾನು! ಮೀನೂ ಇಲ್ಲ, ಹಲ್ಲೂ ಇಲ್ಲ. ಮನೇಲಿ ಏನಂದೆ?”

“ಮೀನು ನುಂಗ್ತು ಅಂದೆ.”

“ನಂಬಿದ್ರಾ?”

“‘ಇಷ್ಟು ವರ್ಷಕ್ಕೆ ಒಂದು ಮೀನಾದ್ರೂ ನಿಮ್ಮ ಹತ್ರ ಬಂತಲ್ಲ’ ಅಂದ್ಲು ಹೆಂಡ್ತಿ.”

ನಕ್ಕರೆ ನೋವಾದೀತೆಂದು ಟೀಚರು ತುಟಿ ಕಚ್ಚಿದರು.

“ಹಾಗಾದ್ರೆ ಈ ಭಾನುವಾರ ನಾನೊಬ್ನೇ ಹೋಗ್ಬೇಕಾ?” ಮೀಸೆಯವನ ದನಿ ಸಪ್ಪಗಾಯಿತು. “ಒಬ್ನೇ ಹೋದ್ರೆ ಅದೆಂಥ ಕಡಲೋ!”

“ಸುಮ್ನಿರೋ. ಅದಕ್ಕೇ ತಾನೆ ಇಲ್ಲಿಗೆ ಬಂದಿರೋದು.”

ಬಾಗಿಲು ತೆರೆದು ಡಾಕ್ಟರು ಕೇಳಿದರು: “ಊಟಕ್ಕೆ ಬಹಳ ಕಷ್ಟ ಆಗ್ತಿದ್ಯಾ?”

“ಊಟ ಹೇಗೋ ನುಂಗ್ತೀನಿ ಡಾಕ್ಟ್ರೇ,” ಎನ್ನುತ್ತ ಬೊಚ್ಚುಬಾಯಿಯವನು ಎದ್ದ. “ಭಾನುವಾರ ಕೊಳವೆ ಕಚ್ಚೋಕೆ ಹಲ್ಲು ಬೇಕು. ಸ್ವಲ್ಪ ಬಿಗಿಯಾಗೇ ಕೂರ್ಸಿ. ಇವನೂ ಜೊತೇಲಿರ್ತಾನೆ.”

ಇಬ್ಬರೂ ಒಳಗೆ ಹೋದರು, ಬಾಗಿಲು ಮುಚ್ಚಿತು. ಟೀಚರು ಕೆನ್ನೆ ಬಿಟ್ಟು ಹೊಟ್ಟೆ ಹಿಡಿದುಕೊಂಡಿದ್ದರು.