ಎರಡನೇ ಅಡುಗೆಮನೆ

ಪರವಾನಗಿ ಕಚೇರಿಯ ಬೆಂಚಿನ ತುದಿಯಲ್ಲಿ ಕುಳಿತ ಹುಡುಗಿ ಅರ್ಜಿ ತುಂಬುವುದನ್ನು ನಿಲ್ಲಿಸಿದಳು. ಪಕ್ಕದಲ್ಲಿ ಮನೆಯಲ್ಲೇ ಕೇಕ್ ಮಾಡಿ ಮಾರುವ ಹೆಂಗಸೂ ಅವಳ ತಮ್ಮನೂ ಮಾತಾಡುತ್ತಿದ್ದರು.

“ಮಾರೋ ಕೇಕಿಗೆ ಬೇರೆ ಅಡುಗೆಮನೆ ಬೇಕಿಲ್ವಂತೆ ಅಕ್ಕ. ಆ ನಿಯಮಾನೇ ತೆಗೆದುಬಿಟ್ಟಿದಾರೆ.”

“ಯಾವಾಗ?”

“ಹೋದ ವಾರ. ಮಾಡೋಳು ನೀನು, ತಿನ್ನೋರು ಅವರು, ಮಧ್ಯೆ ಸರ್ಕಾರಕ್ಕೇನು ಕೆಲಸ ಅಂತ ಮೊದ್ಲೇ ಬಡ್ಕೊಂಡಿದ್ದೆ.”

“ಓವನ್ ಇಡೋಕೆ ಹಾಸಿಗೆ ಹಿಡಿದಿದ್ದ ಅಮ್ಮನ ಕೋಣೆ ನಾನೇ ಖಾಲಿ ಮಾಡಿಸಿದ್ನಲ್ಲೋ.”

“ಹಾಲ್‌ನಲ್ಲೇ ಗಾಳಿ ಚೆನ್ನಾಗಿದೆ ಅಂತ ಅವಳೇ ಅಂದಿದ್ಲಲ್ಲ.”

“ಅಂದಿದ್ಲು. ಕೇಕ್ ತಗೊಳೋಕೆ ಬಂದೋರ ಮುಂದೆ ನರಳೋಕೂ ನಾಚ್ಕೊಂಡು, ಹಾಗೇ ಪ್ರಾಣ ಬಿಟ್ಲು.”

ಕಿಟಕಿಯಿಂದ ಅವರ ಸಂಖ್ಯೆ ಕೂಗಿದರು.

“ಏಳಕ್ಕ, ಪರವಾನಗಿ ಕೊಡ್ತಾರೆ.”

ಇಬ್ಬರೂ ಎದ್ದು ಹೋದರು. ಹೋಗುತ್ತಾ ಅಕ್ಕ ಮೆಲ್ಲಗೆ ಕೇಳುತ್ತಿದ್ದಳು, “ಅವಳ ಮಂಚ ಯಾರಿಗೆ ಕೊಟ್ವೋ?”