ಗೋಡೆಯದೇ ತಪ್ಪು

ಅಲ್ಲ ಮಾವ, ನಾನು ಹೇಳ್ತಿರೋದೂ ಅದನ್ನೇ... ಗೋಡೆದೇ ತಪ್ಪು! ಪೊಳ್ಳು ಗೋಡೆ! ಸ್ಕ್ರೂ ಹಿಡೀಲಿಲ್ಲ, ಪುಸಕ್ಕಂತ ಕಿತ್ಕೊಂಡು ಬಂತು. ಕೆಳಗೆ ವಾಷಿಂಗ್ ಮಿಷನ್, ಅದರ ತಲೆ ಮೇಲೆ ಬಟ್ಟೆ ಒಣಗಿಸೋ ಈ ಡ್ರೈಯರ್. ಇಷ್ಟಗಲದ ಬಚ್ಚಲಲ್ಲಿ ಇನ್ನೆಲ್ಲಿ ಇಡೋದು ಹೇಳಿ? ಇಬ್ಬರು ನಿಂತ್ರೆ ಒಬ್ಬರು ಉಸಿರು ಬಿಗಿಹಿಡೀಬೇಕು. ನಾವೀಗ ನಿಂತಿದೀವಲ್ಲ, ಹಾಗೆ.

ಯಾಕೆ ಗೋಡೆ ತಟ್ತಿದೀರ?

ತಟ್ಟಿ, ತಟ್ಟಿ. ನಲವತ್ತು ವರ್ಷ ಗಾರೆ ಕೆಲಸ ಮಾಡಿದ ಕೈ ನಿಮ್ಮದು... ಯಾಕೆ ಹಾಗೆ ತುಟಿ ಕೊಂಕಿಸಿದ್ರಿ? ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ, ಅದನ್ನೇ ತಾನೇ ಮನಸ್ಸಲ್ಲಿ ಅಂದ್ಕೊಂಡಿದ್ದು? ಬಾಯಿಬಿಟ್ಟೇ ಅನ್ನಿ ಮಾವ. ಬಂದು ಅರ್ಧ ಗಂಟೆ ಆಯ್ತು, ಒಂದು ಮಾತಾಡಿಲ್ಲ ನೀವು.

ನಿಮ್ಮ ಮಗಳು ನಾಲ್ಕು ಗಂಟೆಗೆ ಆಸ್ಪತ್ರೆಯಿಂದ ಬರ್ತಾಳೆ. ಅಷ್ಟರಲ್ಲಿ ಈ ದರಿದ್ರದ ಡ್ರೈಯರನ್ನ ಎಲ್ಲಾದ್ರೂ ಸಾಗಿಸಬೇಕು. ನೋಡಿದ್ರೆ ತಡ್ಕೊಳ್ಳಲ್ಲ ಅವಳು. ಬಲಗೈ ಮಾವ, ಬಲಗೈ! ಬಗ್ಗಿ ಕೆಳಗಿನ ಮಿಷನ್ನಿಂದ ಬಟ್ಟೆ ತೆಗೀತಿದ್ದಳು. ಮೇಲಿಂದ ಇದು ಜಾರಿ ಮಣಿಕಟ್ಟಿನ ಮೇಲೇ... ಎರಡು ಬೆರಳು ಅಲ್ಲಾಡ್ತಿಲ್ಲ. ಕತ್ತರಿ ಹಿಡಿಯೋ ಬೆರಳು! ಕೋಣೇಲಿ ನೋಡಿ, ಹೊಲಿಗೆ ಮಿಷನ್ ಮೇಲೆ ಯಾರದೋ ಮಗುವಿನ ಅಂಗಿ, ಒಂದು ತೋಳು ಹೊಲಿದಿದಾಳೆ, ಇನ್ನೊಂದು ಹಾಗೇ ಇದೆ. ಡಾಕ್ಟರನ್ನ ಕೇಳಿದ್ರೆ "ನೋಡೋಣ" ಅಂದ್ರು. ನೋಡೋಣ ಅಂದ್ರೆ ಏನು ಮಾವ? ನೋಡೋಣ ಅಂದ್ರೆ ಏನರ್ಥ?

ಅವಳೇನಂತಾಳೆ ಗೊತ್ತಾ? ತನ್ನದೇ ತಪ್ಪು ಅಂತಾಳೆ! ಒದ್ದೆ ಕಂಬಳಿ ತುರುಕಿದೆ, ಡ್ರೈಯರಿಗೆ ಭಾರ ಜಾಸ್ತಿ ಆಯ್ತು, ತಪ್ಪಾಯ್ತು ರೀ ಅಂತ... ಕೈಗೆ ಅಷ್ಟು ದೊಡ್ಡ ಕಟ್ಟು ಹಾಕಿಸ್ಕೊಂಡು, ನನ್ನ ಹತ್ರ ಕ್ಷಮೆ ಕೇಳ್ತಾಳೆ. ಸುಮ್ನೆ ಮಲ್ಕೋ ಅಂದೆ.

ಹಾಗೆ ನೋಡ್ಬೇಡಿ.

ನೀವು ಕೊಟ್ಟ ಡ್ರಿಲ್ ಚೆನ್ನಾಗೇ ಇತ್ತು. ಒಂದೇ ವಾರಕ್ಕೆ ವಾಪಸ್ ತಂದ್ಕೊಡಲಿಲ್ವಾ? ನಾನೇ ಬಂದು ಹಾಕ್ಕೊಡ್ತೀನಿ ಅಂದ್ರಿ ನೀವು. ನಾನೇ ಬೇಡ ಅಂದೆ. ಎಲ್ಲದಕ್ಕೂ ಮಾವನ್ನ ಕರೆಯೋ ಅಳಿಯ ಅನ್ನಿಸ್ಕೋಬಾರ್ದು ಅಂತ... ಮದುವೆಯಾದ ಹೊಸದ್ರಲ್ಲಿ ತಮಾಷೆ ಮಾಡಿದ್ರಲ್ಲ, ಗುಮಾಸ್ತನ ಕೈಗೆ ಸುತ್ತಿಗೆ ಕೊಟ್ರೆ ಅದನ್ನೂ ಫೈಲಿಗೆ ಸೇರಿಸ್ತಾನೆ ಅಂತ. ಎಲ್ಲರೂ ನಕ್ಕರು. ನೆನಪಿಲ್ವಾ? ನನಗಿದೆ.

ಡ್ರೈಯರ್ ಜಾರದ ಹಾಗೆ ಬಿಗಿಯೋಕೆ ಅದರ ಜೊತೆ ಬಂದ ಕಬ್ಬಿಣದ ಪಟ್ಟಿ ಹಿಡಿದು, ಗೋಡೆಗೆ ನಾಲ್ಕು ಸ್ಕ್ರೂ... ನಾಲ್ಕೂ ಬಿಗಿದೆ. ರಸಮಟ್ಟ ಇಟ್ಟು ಓರೆಯಿಲ್ಲ ತಾನೇ ಅಂತ ನೋಡಿದೆ. ಜೋತುಬಿದ್ರೂ ಕದಲ್ತಿರ್ಲಿಲ್ಲ. ಬಿಗಿಯಾಯ್ತಾ ಅಂತ ಅವಳು ಅಡುಗೆಮನೆಯಿಂದ ಕೇಳಿದ್ಲು. ಆಯ್ತು ಅಂದೆ.

ಏನು, ಯಾಕೆ ಕೈ ಚಾಚ್ತಿದೀರ? ಪಟ್ಟಿನಾ? ಎಸೆದೆ. ಮುರಿದಿತ್ತು, ಎಸೆದೆ. ಗಾರೆ ಪುಡಿ ನೆಲದ ತುಂಬ ಬಿದ್ದಿತ್ತು, ಅದನ್ನೂ ಗುಡಿಸಿಬಿಟ್ಟೆ. ಅದಕ್ಕೇ ಕಾಣ್ತಿಲ್ಲ.

ಅದ್ಯಾಕೆ ಅಂಗೈಲಿ ಸವರ್ತೀರ? ಗೋಡೆಯೇನು ಹಸುವಾ, ಸವರೋಕೆ! ಬನ್ನಿ ಮಾವ, ಚಹಾ ಮಾಡ್ತೀನಿ. ಬನ್ನಿ... ಅಲ್ಲೇನೂ ಇಲ್ಲ. ಏನೂ ಇಲ್ಲ ಅಂದ್ನಲ್ಲ! ಇನ್ನೂ ಮೇಲೆ ಯಾಕೆ ಹುಡುಕ್ತೀರ? ನಾನು... ಸಿಮೆಂಟ್ ಮೆತ್ತಿಬಿಟ್ಟೆ. ಹೌದು, ಮೆತ್ತಿದೆ, ಮೇಲೆ ಬಣ್ಣನೂ ಹಚ್ಚಿ... ಅಯ್ಯೋ, ಯಾರ ಮುಂದೆ ಹೇಳ್ತಿದೀನಿ ನಾನು!

ಬೈದುಬಿಡಿ ಮಾವ. ಕೆನ್ನೆಗೊಂದು ಕೊಡಿ. ಹೀಗೆ ಗೋಡೆ ಮೇಲೆ ಕೈ ಇಟ್ಕೊಂಡು ಸುಮ್ನೆ ನಿಲ್ಬೇಡಿ!

ತೂತಿಲ್ಲ. ಒಂದೂ ಇಲ್ಲ. ಸ್ಕ್ರೂ ಹಾಕಿದ್ರೆ ತಾನೇ ಕಿತ್ಕೊಂಡು ಬರೋದು? ಡ್ರಿಲ್ ಗೋಡೆಗಿಟ್ಟೆ... ಹಾಗೇ ಕೆಳಗಿಳಿಸಿದೆ. ಒಳಗೆ ನೀರಿನ ಪೈಪ್ ಎಲ್ಲಿ ಹೋಗಿದೆಯೋ ಗೊತ್ತಿಲ್ಲ. ನಿಮಗೆ ಫೋನ್ ಮಾಡಿ ಕೇಳಿದ್ರೆ ಒಂದು ನಿಮಿಷದ ಮಾತು. ಕೇಳ್ಲಿಲ್ಲ. ನಾಳೆ ಮಾಡೋಣ ಅಂದೆ. ಆಮೇಲೆ ಭಾನುವಾರ ಅಂದೆ. ಪಟ್ಟಿ ಅಟ್ಟದ ಮೇಲಿದೆ ಮಾವ, ಪ್ಲಾಸ್ಟಿಕ್ ಚೀಲ ಕೂಡ ಬಿಚ್ಚಿಲ್ಲ.

ಇಷ್ಟು ಹೇಳಿದ ಮೇಲೆ ಇದನ್ನೂ ಕೇಳಿಬಿಡಿ. ಕೆಳಗಿನ ಮಿಷನ್ ತಿರುಗೋವಾಗ ನಡುಗುತ್ತಲ್ಲ, ಒಗೆದಾಗಲೆಲ್ಲ ಮೇಲಿಂದು ಎರಡು ಬೆರಳಷ್ಟು ಮುಂದೆ ಬರ್ತಿತ್ತು. ನನಗೆ ಗೊತ್ತಿತ್ತು. ಗೊತ್ತಿತ್ತು ಮಾವ! ದಿನಾ ಬೆಳಿಗ್ಗೆ, ಅವಳು ಏಳೋದಕ್ಕೆ ಮುಂಚೆ ಎದ್ದು, ಸದ್ದು ಮಾಡದೆ ಬಂದು ಹಿಂದಕ್ಕೆ ತಳ್ತಿದ್ದೆ. ಏಳು ತಿಂಗಳು. ಹಲ್ಲುಜ್ಜೋ ಹಾಗೆ ಅಭ್ಯಾಸ ಆಗಿಹೋಗಿತ್ತು.

ಮೊನ್ನೆ ಅವಳೇ ಮೊದಲು ಎದ್ದಳು. ಪಾಪ, ದಣಿದಿದಾರೆ, ಮಲಗ್ಲಿ ಅಂತ... ನನ್ನ ಎಬ್ಬಿಸ್ಲಿಲ್ಲ.